ಇಪ್ಪತ್ತು ಹೆಜ್ಜೆಯ ಸೆರೆ

ನನ್ನ ತಮ್ಮನ ಸಾವಿಗೆ ಕಾರಣನಾದವನನ್ನು ನಾನೇ ಹಿಡಿದುಕೊಳ್ಳುತ್ತೇನೆ ಎಂದು ಕೋರ್ಟಿನಲ್ಲಿ ಎದ್ದು ನಿಂತು ಹೇಳಿದ ದಿನ ನನಗೆ ನಲವತ್ತಾರು ವರ್ಷ. ಜಡ್ಜು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯೋಚನೆ ಮಾಡಿ ಹೇಳ್ತಿದೀರಾ ತಾಯಿ? ಹನ್ನೆರಡು ವರ್ಷ," ಎಂದರು. "ಮಾಡಿದೀನಿ ಸ್ವಾಮಿ," ಎಂದೆ. ಗುಮಾಸ್ತ ಶೇಷಾಚಲಯ್ಯ ಮರದ ಪೆಟ್ಟಿಗೆ ತೆರೆದು ಕಟಕಟೆಯಲ್ಲಿದ್ದ ರಂಗಧಾಮನ ಕೊರಳಿಗೆ ಒಂದು ಬಳೆ, ನನ್ನ ಎಡ ಮುಂಗೈಗೆ ಒಂದು ಬಳೆ ತೊಡಿಸಿದರು. ಎರಡರಲ್ಲೂ ತೆಳುನೀಲಿ ಬೆಳಕು ಹತ್ತಿಕೊಂಡಿತು. ನನ್ನದು ತಣ್ಣಗಿತ್ತು. ಅವನದು ಹೇಗಿತ್ತೋ ನಾನು ಕೇಳಲಿಲ್ಲ.

ನಮ್ಮೂರಿನಲ್ಲಿ ಜೈಲಿಲ್ಲ, ಮೊದಲಿನಿಂದಲೂ ಇಲ್ಲ. ಶಿಕ್ಷೆಯಾದವನ ಕೊರಳಿಗೆ ಬಳೆ ಬೀಳುತ್ತದೆ, ಅವನ ಜೋಡಿಬಳೆ ಇನ್ನೊಬ್ಬರ ಮುಂಗೈಗೆ. ಅಂಥವರನ್ನು ನಾವು ಕೊರಳಿನವರು ಎನ್ನುತ್ತೇವೆ, ಮುಂಗೈಯವರನ್ನು ಹಿಡಿಗಾರರು ಎನ್ನುತ್ತೇವೆ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆಗಿಂತ ಹೆಚ್ಚು ಅಂತರವಾದರೆ ಕೊರಳ ಬೆಳಕು ಬಿಳಿಯಾಗುತ್ತದೆ, ಕಾಲಿನ ಬಲ ಹೋಗಿ ಕೊರಳಿನವನು ಇದ್ದಲ್ಲೇ ಕುಸಿಯುತ್ತಾನೆ. ಹಿಡಿಗಾರರು ಹತ್ತಿರ ಬಂದ ಮೇಲೇ ಅವನು ಏಳುವುದು. ಯಾರಿಗೆ ಅನ್ಯಾಯವಾಗಿದೆಯೋ ಅವರಿಗೇ ಮೊದಲ ಹಕ್ಕು. ಅವರು ಬೇಡವೆಂದರೆ ಜೋಡಿಬಳೆಯನ್ನು ಸಂತೆಮಾಳದ ಕಲ್ಲುಕಂಬಕ್ಕೆ ತೊಡಿಸುತ್ತಾರೆ. ಕಂಬದ ಸುತ್ತ ಬಿಸಿಲು ಮಳೆ ಎನ್ನದೆ ಕೂತವರನ್ನು ಊರಿನವರೆಲ್ಲ ನೋಡಿದ್ದಾರೆ. ಅವರಿಗೆ ಊಟ ಹಾಕುವುದಕ್ಕೆ ಓಣಿಗೊಂದು ಸರದಿ ಇದೆ, ಆದರೆ ಮಾತಾಡಿಸುವುದಕ್ಕೆ ಯಾರ ಸರದಿಯೂ ಇಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಮನೆ ಕಟ್ಟಿಸುವವರು ಅಡುಗೆಮನೆಯಿಂದ ಹೊರಜಗುಲಿಗೆ ಎಷ್ಟು ಹೆಜ್ಜೆ ಎಂದು ಮೇಸ್ತ್ರಿಯನ್ನು ಕೇಳಿಯೇ ಪಾಯ ತೆಗೆಸುತ್ತಾರೆ. ಬಸ್ಸಿನ ಹಿಂದಿನ ಸೀಟು ಕೊರಳಿನವರದು. ಮದುವೆಮನೆಯಲ್ಲಿ ಹಿಡಿಗಾರರ ಪಂಕ್ತಿಯ ಎದುರಿಗೇ ಅವರ ಪಂಕ್ತಿ. ಹೆಣ್ಣು ನೋಡಲು ಬಂದವರು "ಮನೇಲಿ ಯಾರಾದ್ರೂ ಬಳೆ ಹಿಡಿದಿದಾರಾ?" ಎಂದು ವಿಚಾರಿಸುತ್ತಾರೆ. ಹಿಡಿದವರೂ ಅಷ್ಟೇ ಕಟ್ಟಿಬಿದ್ದಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ನನ್ನದು ಇಸ್ತ್ರಿ ಅಂಗಡಿ. ಅಪ್ಪ ಅಮ್ಮ ಒಂದೇ ವರ್ಷ ತೀರಿಹೋದಾಗ ನನ್ನ ತಮ್ಮ ಚಿದಾನಂದನಿಗೆ ಆರು ವರ್ಷ, ನನಗೆ ಇಪ್ಪತ್ತು. ಇದ್ದಿಲ ಪೆಟ್ಟಿಗೆಯ ಮುಂದೆ ನಿಂತೇ ಅವನನ್ನು ಸಾಕಿದೆ. ಚಿದು ಬೆಳೆದು ಲೈನ್‌ಮನ್ ಆದ. ಒಂದು ಸಂಜೆ ಎಣ್ಣೆಗಾಣದ ಬೀದಿಯ ಕಂಬದ ಮೇಲೆ ತಂತಿ ಸರಿಮಾಡುತ್ತಿದ್ದ. ಕರೆಂಟು ತೆಗೆಸಿಯೇ ಹತ್ತಿದ್ದ. ಪವರ್‌ಹೌಸಿನಲ್ಲಿ ಸ್ವಿಚ್ಚಿನ ಕೆಲಸದಲ್ಲಿದ್ದ ರಂಗಧಾಮ, ಚಿದು ಇನ್ನೂ ಕಂಬದ ಮೇಲಿರುವಾಗಲೇ ಸ್ವಿಚ್ ಹಾಕಿದ. ಇಷ್ಟೇ ಮೊಕದ್ದಮೆ. ರಂಗಧಾಮ ವಕೀಲರನ್ನು ಇಟ್ಟುಕೊಳ್ಳಲಿಲ್ಲ. "ತಪ್ಪು ನಂದೇ" ಎಂದು ಮೊದಲ ದಿನವೇ ಒಪ್ಪಿಕೊಂಡ. ಯಾಕೆ ಹಾಕಿದೆ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ. ಆ ತಗ್ಗಿಸಿದ ತಲೆಯನ್ನು ನೋಡಿಯೇ ನಾನು ಎದ್ದು ನಿಂತದ್ದು.

ಮೊದಲ ವರ್ಷ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಅವನಿಗೆ ಜಗುಲಿಯ ಮೇಲೆ ಒಂದು ಚಾಪೆ ಹಾಕಿದೆ, ಒಂದು ತಟ್ಟೆ ಲೋಟ ಕೊಟ್ಟೆ. "ನಡಿ", "ನಿಲ್ಲು" ಎಂಬ ಎರಡು ಮಾತು ಬಿಟ್ಟು ಮೂರನೆಯದು ಆಡಲಿಲ್ಲ. ಇಸ್ತ್ರಿಯಾದ ಬಟ್ಟೆ ಮನೆಮನೆಗೆ ಕೊಡಲು ಹೋಗುವಾಗ ಬೇಕೆಂದೇ ಬಿರುಸಾಗಿ ನಡೆಯುತ್ತಿದ್ದೆ. ಹಿಂದೆ ಧೊಪ್ಪನೆ ಸದ್ದಾಗುತ್ತಿತ್ತು. ಜನ ನೋಡುತ್ತಿದ್ದರು. ನಾನು ತಿರುಗಿ ನೋಡದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದೆ. ಒಂದು ಮಧ್ಯಾಹ್ನ ಅವನು ಬಸ್‌ಸ್ಟ್ಯಾಂಡಿನ ಡಾಂಬರಿನ ಮೇಲೆ ಬಿದ್ದಿದ್ದಾಗ ನಾನು ಮೇಷ್ಟ್ರ ಮನೆಯೊಳಗೆ ಕೂತು ಚಹಾ ಕುಡಿದೆ. ಮೇಷ್ಟ್ರ ಹೆಂಡತಿ ಕಿಟಕಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಇನ್ನೊಂದು ಲೋಟ ಬೇಕೆಂದು ನಾನೇ ಕೇಳಿ ಹಾಕಿಸಿಕೊಂಡೆ. ವಾಪಸು ಬಂದಾಗ ಅವನ ಒಂದು ಕೆನ್ನೆ ಬೊಬ್ಬೆ ಎದ್ದಿತ್ತು. ಆ ರಾತ್ರಿ ನನಗೆ ಹಾಯಾಗಿ ನಿದ್ದೆ ಬಂತು. ಅದನ್ನು ನೆನೆದರೆ ಈಗ ನಿದ್ದೆ ಬರುವುದಿಲ್ಲ.

ಎರಡನೆಯ ವರ್ಷಕ್ಕೆ ಬಿರುಸಾಗಿ ನಡೆಯುವುದು ನಿಂತಿತು. ಕರುಣೆಯಿಂದೇನಲ್ಲ, ನನಗೇ ಮಂಡಿನೋವು ಶುರುವಾಗಿತ್ತು. ಅವನು ಇದ್ದಿಲು ಒಡೆದು ಕೊಡತೊಡಗಿದ, ಬಾವಿಯಿಂದ ನೀರು ಸೇದತೊಡಗಿದ. ನಾನು ಹೇಳಿರಲಿಲ್ಲ, ಬೇಡವೆನ್ನಲೂ ಇಲ್ಲ. ಬಟ್ಟೆ ಮಾತ್ರ ಮುಟ್ಟಗೊಡಲಿಲ್ಲ. ಪ್ರತಿ ವರ್ಷ ಯುಗಾದಿ ಕಳೆದ ಸೋಮವಾರ ಹಿಡಿಗಾರರೆಲ್ಲ ಕೋರ್ಟಿಗೆ ಹೋಗಿ ಒಂದು ಮಾತು ಹೇಳಬೇಕು. "ಇನ್ನೂ ಇದೆ" ಎಂದರೆ ಶಿಕ್ಷೆ ಮುಂದುವರಿಯುತ್ತದೆ. "ಆಗೋದಿಲ್ಲ" ಎಂದರೆ ಕೊರಳಿನವನು ಕಲ್ಲುಕಂಬಕ್ಕೆ ಹೋಗುತ್ತಾನೆ. "ಸಾಕು" ಎಂದರೆ ಉಳಿದ ವರ್ಷಗಳೆಲ್ಲ ಮಾಫಿ, ಆದರೆ ಆ ಮಾತನ್ನು ಅನ್ಯಾಯವಾದವರು ಮಾತ್ರ ಹೇಳಬಹುದು. ಐದು ವರ್ಷ ಐದು ಸಲ "ಇನ್ನೂ ಇದೆ" ಎಂದೆ. ಪಕ್ಕದಲ್ಲಿ ನಿಂತ ರಂಗಧಾಮ ಒಮ್ಮೆಯೂ ಮುಖ ಎತ್ತಲಿಲ್ಲ.

ಆರನೆಯ ವರ್ಷ ಮಾಘಮಾಸದಲ್ಲಿ ಅವನಿಗೊಂದು ಕಾಗದ ಬಂತು. ತಾಯಿಗೆ ತಿಂಗಳಿಗೊಮ್ಮೆ ಅವನು ಬರೆಯುತ್ತಿದ್ದುದು ನನಗೆ ಗೊತ್ತಿತ್ತು. ಆ ಕಡೆಯಿಂದ ಬರುವ ಕಾಗದವನ್ನು ಯಾರಿಂದಲೋ ಬರೆಸಿರುತ್ತಿದ್ದರು. ಈ ಸಲದ ಕಾಗದ ಓದಿ ಅವನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಆ ದಿನವೂ ಮರುದಿನವೂ ಊಟದ ತಟ್ಟೆ ಹಾಗೆಯೇ ವಾಪಸು ಬಂತು. ಮೂರನೆಯ ದಿನ ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, "ಏನದು?" ಎಂದೆ. ಅವನು ಬೆಚ್ಚಿದ. ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಅವ್ವ ಹಾಸಿಗೆ ಹಿಡಿದಿದಾಳೆ," ಎಂದ. "ಇನ್ನು ಏಳಲ್ಲ ಅಂತ ಬರ್ಸಿದಾರೆ."

"ಎಲ್ಲಿ ನಿಮ್ಮೂರು?"

"ಹೊಳೆ ಆಚೆ. ಬಸ್ಸಲ್ಲಿ ಅರ್ಧ ದಿನ, ಆಮೇಲೆ ದೋಣಿ."

ಅವನು ಕೇಳಲಿಲ್ಲ. ಕರೆದುಕೊಂಡು ಹೋಗಿ ಎಂದು ಒಂದು ಮಾತು ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೇನೋ. ಇದ್ದಿಲು ಒಡೆಯುವ ಕಲ್ಲಿನ ಮುಂದೆ ಹೋಗಿ ಕೂತುಬಿಟ್ಟ. ಅವನ ಬೆನ್ನನ್ನು ನೋಡುತ್ತಾ ನಿಂತೆ. ಚಿದುವಿಗೆ ಆಕ್ಸಿಡೆಂಟಾಯಿತು ಎಂದು ಸುದ್ದಿ ಬಂದಾಗ ನಾನು ಓಡಿ ಎಣ್ಣೆಗಾಣದ ಬೀದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇವನಿಗೂ ಹಾಗೇ ಆಗಲಿ ಎಂದು ಒಂದು ಮನಸ್ಸು ಹೇಳಿತು. ಆ ಮನಸ್ಸಿನ ಜೊತೆ ಆರು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೆ, ಅದರ ದನಿಯ ಗುರುತು ನನಗಿತ್ತು. ಅಂಗಡಿಯ ಹಲಗೆ ಮುಚ್ಚಿ, ಕೈಚೀಲಕ್ಕೆ ಎರಡು ಸೀರೆ ಹಾಕಿಕೊಂಡೆ. "ನಡಿ," ಎಂದೆ.

ಬಸ್ಸಿನಲ್ಲಿ ನಾನು ಮುಂದೆ, ಅವನು ಹಿಂದಿನ ಸೀಟಿನಲ್ಲಿ. ಹೊಳೆಯ ದಡದಲ್ಲಿ ದೋಣಿಯವನು ಅವನ ಕೊರಳನ್ನೂ ನನ್ನ ಮುಂಗೈಯನ್ನೂ ನೋಡಿ, ಒಬ್ಬರನ್ನು ಈ ತುದಿಗೆ ಒಬ್ಬರನ್ನು ಆ ತುದಿಗೆ ಕೂರಿಸಿದ. ಆಚೆ ದಡದ ಊರಿನವರಿಗೆ ಬಳೆಯ ಅಭ್ಯಾಸವಿಲ್ಲ. ಬಾಗಿಲಲ್ಲಿ ನಿಂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅವನ ಮನೆ ಬೀದಿಯ ಕೊನೆಯಲ್ಲಿತ್ತು, ಮಣ್ಣಿನ ಗೋಡೆ, ತಗ್ಗು ಮಾಡು. ದಾರಿಯುದ್ದಕ್ಕೂ ನಾನು ಒಂದು ಶಪಥ ಮಾಡಿಕೊಂಡು ಬಂದಿದ್ದೆ: ಅವನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಬೀದಿಯ ಕಲ್ಲಿನ ಮೇಲೆ ಕೂತರೂ ಅವನು ತಾಯಿಯ ಹತ್ತಿರ ಇರುವಷ್ಟು ಅಂತರ ಸಾಲುತ್ತಿತ್ತು. ಅಲ್ಲಿಯೇ ಕೂತೆ. ಒಳಗಿನಿಂದ ಮೊದಲು ಅವನ ದನಿ ಕೇಳಿತು, ಆಮೇಲೆ ಒಂದು ಮುದಿದನಿ. ಅಳು ಕೇಳಿಸೀತು ಎಂದುಕೊಂಡಿದ್ದೆ, ಕೇಳಿಸಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮುದಿದನಿ ಗಟ್ಟಿಯಾಯಿತು. "ಬಿಸಿಲಲ್ಲಿ ಯಾರೋ ಕೂತಿರೋದು?"

"ಅವರು ಒಳಗೆ ಬರಲ್ಲ ಕಣವ್ವ."

"ನೀನು ಕರೆದ್ಯಾ?"

"ನಾನ್ಯಾವ ಬಾಯಲ್ಲಿ ಕರೀಲಿ?"

"ಹಂಗಾದ್ರೆ ನಾನು ಕರೀತೀನಿ. ಅವ್ವಾ, ಬೀದೀಲಿ ಕೂತಿರೋ ತಾಯಿ! ನಾನೇ ಎದ್ದು ಬರ್ಬೇಕಾಗಿತ್ತು ನಿನ್ನ ಹತ್ರಕ್ಕೆ. ಕಾಲು ಏಳ್ತಿಲ್ಲ. ಒಂದೇ ಒಂದು ಗಳಿಗೆ ಬಂದು ಹೋಗವ್ವ."

ನಾನು ಎದ್ದೆ. ಯಾಕೆ ಎದ್ದೆನೋ ತಿಳಿಯದು. ಕಾಲಿನ ಬಲವಿಲ್ಲದೆ ಮಲಗಿದ ಮನುಷ್ಯರನ್ನು ನಾನು ಬೇಕಾದಷ್ಟು ನೋಡಿದ್ದೆ, ಆದರೆ ಅವರಲ್ಲಿ ಯಾರೂ ನನ್ನನ್ನು ಕರೆದಿರಲಿಲ್ಲ.

ಒಳಗೆ ಗೋಡೆಯ ಪಕ್ಕ ಕಂಬಳಿಯ ಮೇಲೆ ಅವನ ತಾಯಿ ಹನುಮಕ್ಕ ಮಲಗಿದ್ದರು. ಒಣಗಿದ ಕಡ್ಡಿಯಂಥ ಮೈ, ಕಣ್ಣು ಮಾತ್ರ ಚುರುಕು. ರಂಗಧಾಮ ಎದ್ದು ಗೋಡೆಗೆ ಒತ್ತಿಕೊಂಡು ನಿಂತ. ಆಕೆ ನನ್ನ ಮುಂಗೈಯ ಬಳೆಯನ್ನು ನೋಡಿದರು, ಆಮೇಲೆ ಮುಖವನ್ನು.

"ಕೂತ್ಕೋ ತಾಯಿ. ನಾನು ತಪ್ಪಾಯ್ತು ಅಂತ ಅನ್ನೋದಿಲ್ಲ. ಅನ್ನೋಕೆ ನನಗೇನು ಹಕ್ಕಿದೆ? ಒಂದು ಕೇಳ್ತೀನಿ, ಹೇಳೋ ಮನಸ್ಸಿದ್ರೆ ಹೇಳು. ಇವನು ತಿಂಗಳು ತಿಂಗಳೂ ಬರೀತಾನೆ. ನಾನು ಚೆನ್ನಾಗಿದೀನಿ, ಊಟ ಆಯ್ತು, ನೀರು ಸೇದಿದೆ ಅಂತ. ಆ ಹುಡುಗನ ಹೆಸರು ಮಾತ್ರ ಬರೆಯಲ್ಲ. ನಾನು ದೇವರ ಮುಂದೆ ದೀಪ ಹಚ್ಚಿ ಯಾರ ಹೆಸರು ಅಂತ ಹೇಳ್ಲಿ? ಏನವ್ವ ನಿನ್ನ ತಮ್ಮನ ಹೆಸರು?"

"ಚಿದಾನಂದ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

"ಚಿದಾನಂದ," ಎಂದು ಆಕೆ ತಿರುಗಿ ಹೇಳಿದರು, ಬಾಯಿಪಾಠ ಮಾಡುವವರ ಹಾಗೆ. "ಹೆಂಗಿದ್ದ?"

ಆರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಊರಿನವರಿಗೆ ಅವನು ಹೇಗೆ ಸತ್ತ ಎಂಬುದು ಗೊತ್ತಿತ್ತು, ಹೇಗಿದ್ದ ಎಂಬುದನ್ನು ಕೇಳಿದರೆ ನಾನು ಅತ್ತೇನು ಎಂಬ ಹೆದರಿಕೆ. ನಾನು ಕೂತೆ. ಎಲ್ಲಿಂದ ಶುರುಮಾಡಲಿ ಎಂದು ತಿಳಿಯದೆ, ಅವನಿಗೆ ಜಿರಳೆ ಕಂಡರೆ ಭಯ ಎಂದೆ. ಮೂವತ್ತಡಿ ಕಂಬ ಹತ್ತುವವನು ಬಚ್ಚಲಲ್ಲಿ ಜಿರಳೆ ಕಂಡರೆ "ಅಕ್ಕಾ" ಎಂದು ಕೂಗುತ್ತಿದ್ದ. ಹನುಮಕ್ಕನ ತುಟಿ ಅಲುಗಿತು. ಮೊಸರನ್ನಕ್ಕೆ ಬೆಲ್ಲ ನಂಚಿಕೊಳ್ಳುತ್ತಿದ್ದ ಎಂದೆ. ಎಷ್ಟು ಸಲ ಹೇಳಿದರೂ ಒದ್ದೆ ಟವೆಲನ್ನು ಇಸ್ತ್ರಿ ಬಟ್ಟೆಯ ಮೇಲೇ ಎಸೆಯುತ್ತಿದ್ದ. ಕಂಬದ ಮೇಲಿಂದ ಸಿಳ್ಳೆ ಹಾಕುತ್ತಿದ್ದ, ನಮ್ಮ ಬೀದಿಯಲ್ಲಿ ಕೆಲಸವಿದ್ದರೆ ಆ ಸಿಳ್ಳೆ ಕೇಳಿ ನಾನು ಒಲೆ ಹಚ್ಚುತ್ತಿದ್ದೆ. ಒಂದು ಹುಡುಗಿಯನ್ನು ಇಷ್ಟಪಟ್ಟಿದ್ದ, ನನಗೆ ಹೇಳಲು ನಾಚಿಕೊಂಡು ಅವಳ ಸೀರೆಯನ್ನು ಇಸ್ತ್ರಿಗೆ ತಂದುಕೊಟ್ಟಿದ್ದ. ಅದನ್ನು ಮಡಿಸಿಟ್ಟ ವಾರವೇ ಅವನು ಹೋದದ್ದು. ಸೀರೆ ವಾಪಸು ಒಯ್ಯಲು ಯಾರೂ ಬರಲಿಲ್ಲ.

ಹೇಳುತ್ತಾ ಹೇಳುತ್ತಾ ಹೊತ್ತು ಇಳಿಯಿತು. ಪಕ್ಕದ ಮನೆಯವರು ಮುದ್ದೆ ಸಾರು ತಂದಿಟ್ಟರು, ಅದೂ ಆರಿತು. ನಡುವೆ ಒಮ್ಮೆ ತಲೆ ಎತ್ತಿದೆ. ರಂಗಧಾಮ ಗೋಡೆಯ ಬುಡದಲ್ಲಿ ಕುಸಿದು ಕೂತಿದ್ದ. ಕೊರಳ ಬೆಳಕು ನೀಲಿಯಾಗಿಯೇ ಇತ್ತು, ಅವನನ್ನು ಕೆಡವಿದ್ದು ಬಳೆಯಲ್ಲ. ಅವನು ಕೊಂದದ್ದು ಯಾರನ್ನು ಎಂಬುದು ಅವನಿಗೂ ಈವರೆಗೆ ಗೊತ್ತಿರಲಿಲ್ಲ.

ಮೂರು ದಿನ ಇದ್ದೆವು. ಮೂರು ದಿನವೂ ಹನುಮಕ್ಕ ಎಚ್ಚರವಿದ್ದಾಗಲೆಲ್ಲ "ಇನ್ನೇನಾದ್ರೂ ಹೇಳವ್ವ ಚಿದಾನಂದಂದು" ಎನ್ನುತ್ತಿದ್ದರು. ಮಗನ ಬಗ್ಗೆ ಒಂದು ಮಾತು ಕೇಳಲಿಲ್ಲ, ಬಿಟ್ಟುಬಿಡು ಎನ್ನಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ರಂಗಧಾಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ, ಎರಡನೆಯ ಗುಟುಕು ಒಳಗೆ ಹೋಗಲಿಲ್ಲ.

ಸುಡುಗಾಡು ಊರ ಹೊರಗೆ, ಬೇಲಿಯ ಬಾಗಿಲಿನಿಂದ ಚಿತೆಗೆ ಬಹಳ ದೂರ. ಅಲ್ಲಿಯ ಹಿರಿಯರೊಬ್ಬರು ಬಾಗಿಲಲ್ಲಿ ನನ್ನನ್ನು ತಡೆದರು. "ಹೆಂಗಸರು ಒಳಗೆ ಬರೋ ಪದ್ಧತಿ ಇಲ್ಲಮ್ಮ."

ರಂಗಧಾಮ ಚಟ್ಟದ ಮುಂದಿನ ಕೊಂಬು ಹೊತ್ತಿದ್ದ. ಅಲ್ಲಿಂದಲೇ ಹೇಳಿದ, "ಹಂಗಾದ್ರೆ ಬೆಂಕಿ ನೀವೇ ಇಡಿ ದೊಡ್ಡಪ್ಪ. ಅವರನ್ನ ಒತ್ತಾಯ ಮಾಡ್ಬೇಡಿ." ದನಿಯಲ್ಲಿ ಕೋಪವಿರಲಿಲ್ಲ. ಚಟ್ಟವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ಕೈ ನೀಡಿಯೂಬಿಟ್ಟಿದ್ದ.

ನಾನು ಸೆರಗು ತಲೆಗೆ ಹೊದ್ದು, ಹಿರಿಯರನ್ನು ದಾಟಿ ಒಳಗೆ ನಡೆದೆ. ಯಾರೂ ಕೈ ಹಿಡಿದು ತಡೆಯಲಿಲ್ಲ. ಅವನು ನೀರಿನ ಗಡಿಗೆ ಹೆಗಲಿಗಿಟ್ಟುಕೊಂಡು ಚಿತೆಯನ್ನು ಸುತ್ತುವಾಗ ಆಚೆ ಬದಿಗೆ ಹೋದಾಗ ಕೊರಳ ಬೆಳಕು ಬೆಳ್ಳಗಾಗತೊಡಗಿತು, ನಡಿಗೆ ತಡವರಿಸಿತು. "ಅಕ್ಕಾ," ಎಂದ, "ಒಂಚೂರು ಹತ್ರ ಬರ್ತೀರಾ?"

"ಹಾಗೆ ಕರೀಬೇಡ," ಎಂದೆ. "ನನ್ನನ್ನ ಹಾಗೆ ಕರೀತಿದ್ದವನು ಒಬ್ಬನೇ."

ಆದರೂ ಹತ್ತಿರ ಹೋದೆ. ಅವನು ಮೂರು ಸುತ್ತು ಮುಗಿಸುವವರೆಗೆ ಚಿತೆಯ ಪಕ್ಕದಲ್ಲೇ ನಿಂತಿದ್ದೆ. ಅವನು ಬೆಂಕಿ ಇಟ್ಟ ಮೇಲೆ ಝಳ ಮುಖಕ್ಕೆ ಹೊಡೆಯಿತು. ಮೂರೇ ದಿನ ಕಂಡ ಆ ಮುದುಕಿಗಾಗಿ ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ವಾಪಸು ಹೊರಟ ದಿನ ದೋಣಿ ಆಚೆ ದಡದಲ್ಲಿತ್ತು, ಕಾಯಬೇಕಾಯಿತು. ಹೊಳೆಯ ಮರಳಿನ ಮೇಲೆ ನಾನೊಂದು ಕಡೆ, ತಲೆ ಬೋಳಿಸಿಕೊಂಡ ಅವನೊಂದು ಕಡೆ. ಆರು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಮಾತು ಅಲ್ಲಿ ಹೊರಬಂತು. "ಆವತ್ತು ಯಾಕೆ ಸ್ವಿಚ್ ಹಾಕ್ದೆ?"

ಅವನು ನೀರಿನ ಕಡೆ ತಿರುಗಿ ಹೇಳಿದ.

"ದಿನಾ ಸಂಜೆ ಐದಕ್ಕೆ ಆ ಸ್ವಿಚ್ ಹಾಕ್ತಿದ್ದೆ. ಆವತ್ತೂ ಐದಾಯ್ತು. ಕೈ ತಾನಾಗೇ ಹೋಯ್ತು. ಬೋರ್ಡಿನ ಮೇಲೆ ಕೆಂಪು ಚೀಟಿ ತೂಗುಹಾಕಿತ್ತು, ಲೈನಲ್ಲಿ ಮನುಷ್ಯ ಇದಾನೆ ಅಂತ. ನಾನು ನೋಡ್ಲಿಲ್ಲ."

"ಯಾರಾದ್ರೂ ಹಾಕು ಅಂದ್ರಾ?"

"ಇಲ್ಲ."

"ಕುಡಿದಿದ್ಯಾ?"

"ಇಲ್ಲ."

"ಅವನ ಮೇಲೆ ಏನಾದ್ರೂ ಸಿಟ್ಟಿತ್ತಾ?"

"ಅವರ ಮುಖಾನೇ ನೋಡಿರ್ಲಿಲ್ಲ."

"ಮತ್ತೆ?"

"ಮತ್ತೇನಿಲ್ಲ. ನೋಡ್ಲಿಲ್ಲ, ಅಷ್ಟೇ. ಕೋರ್ಟಲ್ಲಿ ಕೇಳಿದಾಗ ಏನಾದ್ರೂ ಒಂದು ಕಾರಣ ಇರ್ಬಾರ್ದಾ ಅಂತ ನಾನೂ ಹುಡುಕಿದೆ. ಈಗಲೂ ಹುಡುಕ್ತೀನಿ. ಇಲ್ಲ."

ನಾನು ಎಷ್ಟೊಂದು ಕಥೆ ಕಟ್ಟಿಕೊಂಡಿದ್ದೆ. ಅವನು ಕುಡಿದಿದ್ದ, ಇಸ್ಪೀಟು ಆಡುತ್ತಿದ್ದ, ಯಾರೋ ದೊಡ್ಡವರು ಫೋನು ಮಾಡಿ ಹಾಕಿಸಿದರು, ಅವರನ್ನು ಮುಚ್ಚಿಡುತ್ತಿದ್ದಾನೆ. ಒಂದೊಂದು ರಾತ್ರಿಗೂ ಒಂದೊಂದು. ಅಷ್ಟೂ ಸುಳ್ಳಾಯಿತು. ನನ್ನ ಚಿದು ದ್ವೇಷಕ್ಕೂ ಸಾಯಲಿಲ್ಲ, ಲೋಭಕ್ಕೂ ಸಾಯಲಿಲ್ಲ. ಒಬ್ಬ ಮನುಷ್ಯ ಒಂದು ಕ್ಷಣ ತಲೆ ಎತ್ತಿ ನೋಡಲಿಲ್ಲ, ಅದಕ್ಕೆ ಸತ್ತ. ಇದಕ್ಕಿಂತ ಕುಡಿದಿದ್ದೆ ಎಂದು ಅವನು ಸುಳ್ಳಾದರೂ ಹೇಳಬಾರದಿತ್ತೇ ಎನಿಸಿತು. ಹೇಳಿದ್ದರೆ ನನಗೆ ಇನ್ನೂ ಆರು ವರ್ಷಕ್ಕೆ ಸಾಕಾಗುವಷ್ಟು ಬೆಂಕಿ ಸಿಗುತ್ತಿತ್ತು. ಅವನು ಹೇಳಲಿಲ್ಲ. ದೋಣಿ ಬಂತು, ಹತ್ತಿದೆವು.

ಯುಗಾದಿ ಕಳೆದ ಸೋಮವಾರ ಕೋರ್ಟಿಗೆ ಹೋದೆವು. ಶೇಷಾಚಲಯ್ಯನವರಿಗೆ ವಯಸ್ಸಾಗಿತ್ತು. "ಅಂಬುಜಾಕ್ಷಮ್ಮ, ಏನಂತ ಬರ್ಕೊಳ್ಲಿ? ಇನ್ನೂ ಇದೆ ಅಂತಾನೇ ಅಲ್ವಾ?" ಎಂದು ಆಗಲೇ ಲೇಖನಿ ಊರಿದ್ದರು.

"ಸಾಕು," ಎಂದೆ.

ಅವರು ತಲೆ ಎತ್ತಿದರು. ಪಕ್ಕದಲ್ಲಿ ರಂಗಧಾಮನೂ ಎತ್ತಿದ. ಶೇಷಾಚಲಯ್ಯನವರ ಮುಖ ಅರಳಿತು. "ದೊಡ್ಡ ಮನಸ್ಸು ಮಾಡಿದ್ರಿ ತಾಯಿ. ಕ್ಷಮಿಸಿದೀರಿ ಅಂತ ಷರಾ ಬರೀತೀನಿ."

"ಹಾಗೆ ಬರೀಬೇಡಿ. ನಾನು ಕ್ಷಮಿಸಿಲ್ಲ. ಸಾಕು ಅಂದೆ, ಅಷ್ಟನ್ನೇ ಬರೀರಿ."

ಅವರು ನನ್ನನ್ನು ನೋಡಿ, ಅಷ್ಟನ್ನೇ ಬರೆದರು. ಚಾವಿ ತಿರುಗಿಸಿ ನನ್ನ ಬಳೆ ತೆಗೆದರು, ಆಮೇಲೆ ಅವನದು. ಎರಡರ ಬೆಳಕೂ ಆರಿತು. ಅವನ ಕೊರಳ ಸುತ್ತ ಬಿಸಿಲು ಕಾಣದ ಚರ್ಮ ಬಿಳಿಚಿಕೊಂಡಿತ್ತು. ಅವನು ಅದನ್ನು ಮುಟ್ಟಿ ನೋಡಿಕೊಂಡ, ತನ್ನದೇ ಮೈಯೆಂದು ನಂಬಿಕೆ ಬರದವನ ಹಾಗೆ.

ಹೊರಗೆ ಮೆಟ್ಟಿಲ ಮೇಲೆ ನಿಂತೆವು. ಕಟ್ಟೆಯ ಬೇವು ಹೂ ಬಿಟ್ಟಿತ್ತು. ಹೊಳೆಯಾಚೆಯ ಬಸ್ಸು ಮಧ್ಯಾಹ್ನಕ್ಕಿತ್ತು, ಅದು ಅವನಿಗೂ ಗೊತ್ತು. ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನಾನು ಹಿಂದೆ ಸರಿದೆ. ಅವನು ನೆಟ್ಟಗೆ ನಿಂತು, ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಜೋಡಿಸಿದ.

"ಬರ್ತೀನಿ, ಅಂಬುಜಮ್ಮ," ಎಂದ.

"ಬರ್ತೀನಿ ಅನ್ನಬೇಡ. ಹೋಗ್ತೀನಿ ಅನ್ನು."

ಅವನ ಮುಖ ಪೆಚ್ಚಾಯಿತು. ಹೊರಡುವಾಗ ಆ ಮಾತನ್ನು ನಮ್ಮಲ್ಲಿ ಹಗೆಯವನಿಗೂ ಹೇಳುವುದಿಲ್ಲ. ಸಾವಿಗೆ ಹೊರಟವರು ಕೂಡ ಬರುತ್ತೇನೆ ಎಂದೇ ಹೇಳಿ ಹೋಗುತ್ತಾರೆ. ನಾನು ಕಾದೆ. ನನಗೇನೂ ಅವಸರವಿರಲಿಲ್ಲ.

"ಹೋಗ್ತೀನಿ," ಎಂದ.

"ಹ್ಞೂ, ಹೋಗು," ಎಂದೆ.

ಅವನು ಹೋದ.